ಗುಡ್ಡೆಲಿ ಹನ್ನೊಂದು ತಟ್ಟು

ಕಪಾಟಿಲಿ ಇಪ್ಪ ಹಳೆ ಮದುವೆ ಕಾಗದಂಗಳ ತೆಗದು ಒಂದರಿ ಮನೆ ಹೆಸರುಗಳ ಮಾಂತ್ರ ಓದಿ ನೋಡಿ. ಒಂದು ಬೈಲು, ಎರಡು ಮಜಲು, ನಾಕು ಬೆಟ್ಟು, ಎಡೆಲಿ ಒಂದು ಕುಮೇರಿಯೋ ಮದಕವೋ ಇದ್ದೇ ಇಕ್ಕು. ನಾವು ಅದರ ಬರೀ ಹೆಸರು ಹೇಳಿ ಓದಿಕ್ಕಿ, ಮುಹೂರ್ತ ಎಷ್ಟು ಗಂಟೆಗೆ ನೋಡಿ, ಮಡುಸಿ ಮಡುಗುತ್ತು. ಎನಗೆ ಈಗೀಗ ಅದು ಹೆಸರಿನ ಹಾಂಗೆ ಕಾಣ್ತಿಲ್ಲೆ. ಆ ಮನೆಯ ಹೆರಿಯೋರು ಗುಡ್ಡೆಯ ಏವ ಎತ್ತರಲ್ಲಿ ಎಂತ ಬೆಳೆಶಿಗೊಂಡಿತ್ತಿದ್ದವು ಹೇಳ್ತ ಲೆಕ್ಕದ ಹಾಂಗೆ ಕಾಣ್ತು.

ಬೈಲು ಹೇಳಿರೆ ತೋಡಿನ ಕರೆಯ ತಗ್ಗು ಗೆದ್ದೆ. ಅಲ್ಲಿ ಬೇಸಗೆಲಿದೆ ನೀರಿನ ಪಸೆ ಇಕ್ಕು. ಏಣೇಲು, ಸುಗ್ಗಿ, ಕೊಳಕೆ ಹೇಳಿ ವರ್ಷಕ್ಕೆ 3 ಬೆಳೆ. ಮಜಲು ಹೇಳಿರೆ ಅದರಿಂದ ರಜ್ಜ ಮೇಗೆ, ಅಲ್ಲಿ 2 ಬೆಳೆ. ಬೆಟ್ಟು ಹೇಳಿರೆ ಗುಡ್ಡೆಯ ಬುಡಂದ ಮೇಲಂಗೆ ಮೆಟ್ಳಿನ ಹಾಂಗೆ ಹತ್ತಿಂಡು ಹೋಪ ಗೆದ್ದೆಗೊ. ಅದಕ್ಕೆ ಮಳೆನೀರೇ ಗತಿ, ಏಣೇಲು ಒಂದೇ ಬೆಳೆ.

ಬೆಟ್ಟಿಂದಲೂ ಮೇಗೆ ಕುಮೇರಿ. ಗುಡ್ಡೆಯ ಕಾಡಿನ ಒಂದು ತುಂಡು ಕಡುದು, ಒಣಗಿದ ಮತ್ತೆ ಕಿಚ್ಚು ಕೊಟ್ಟು, ಬೂದಿಗೆ ಮಳೆ ಬಿದ್ದಪ್ಪಗ ಬಿತ್ತುದು. ಭತ್ತ, ರಾಗಿ, ತೊಗರಿ, ಹರಳು ಎಲ್ಲ ಒಟ್ಟಿಂಗೆ. ಒಂದೆರಡು ವರ್ಷ ಬೆಳೆಶಿಕ್ಕಿ ಅದರ ಕಾಡಿಂಗೇ ಬಿಟ್ಟು, ಇನ್ನೊಂದು ತುಂಡಿಂಗೆ ಹೋಪದು. ನಮ್ಮ ಸೀಮೆಲಿ ಮಲೆಕುಡಿಯರು, ಕುಡುಬಿಯರು ಇದರ ಬಲ್ಲೋರು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಹೇಳ್ತವ ನಮ್ಮ ಜಿಲ್ಲೆಲಿ ತಿರುಗಿ ಬರದ್ದರಲ್ಲಿದೆ ಈ ಬೇಸಾಯದ ವಿಷಯ ಇದ್ದು. ಮತ್ತೆ ಬ್ರಿಟಿಷರಿಂಗೆ ಹಡಗಿಂಗೆ, ರೈಲುದಾರಿಗೆ ಮರ ಬೇಕಾತು. 1860ರ ಹೊತ್ತಿಂಗೆ ಮದ್ರಾಸು ಸರಕಾರ ಕುಮೇರಿಗೆ ಕಟ್ಟು ಹಾಕಿತ್ತು. ಬೇಸಾಯ ನಿಂದತ್ತು, ಹೆಸರು ಒಳುದತ್ತು. ಈಗ ಬಸ್ಸಿನ ಕಂಡಕ್ಟರ "ಕುಮೇರಿ, ಕುಮೇರಿ" ಹೇಳಿ ಬೊಬ್ಬೆ ಹೊಡವಗ ಇಳಿವೋರಿಂಗೆ ಅದೊಂದು ಸ್ಟಾಪು ಅಷ್ಟೆ.

ಹೆಸರು ಬಿಡಿ, ಗುಡ್ಡೆಯೇ ಅದರ ಹೇಳ್ತು. ಆದರೆ ಮಳೆಗಾಲಲ್ಲಿ ನೋಡಿರೆ ಆಗ, ಎಲ್ಲ ಒಂದೇ ಹಸುರು. ಮುಳಿಹುಲ್ಲು ಒಣಗಿದ ಮತ್ತೆ, ಜನವರಿ-ಫೆಬ್ರವರಿಲಿ, ಹೊತ್ತೋಪಗ 5 ಗಂಟೆಯ ಓರೆ ಬೆಶಿಲಿಂಗೆ ನೋಡೆಕ್ಕು. ಮದ್ಯಾನ್ನ ಚಪ್ಪಟೆ ಕಂಡ ಗುಡ್ಡೆಲಿ ಆ ಹೊತ್ತಿಂಗೆ ಗೆರೆ ಗೆರೆ ನೆರಳು ಬೀಳ್ತು. ಆ ಗೆರೆಗೊ ಎಲ್ಲ ಒಂದರ ಮೇಲೆ ಒಂದು, ಗುಡ್ಡೆಯ ಸುತ್ತಿಂಡು ಹೋವುತ್ತು. ನೀರು ಹಾಂಗೆ ಗೆರೆ ಕೊರೆತ್ತಿಲ್ಲೆ, ಅದು ಮೇಗಂದ ಕೆಳಂತಾಗಿ ಕೊರವದು. ಅಡ್ಡ ಹೋಪ ಗೆರೆ ಕಂಡರೆ ಅದು ಮನುಷ್ಯರ ಕೈ. ಮಗಳು ಮೊಬೈಲಿಲಿ ಮೇಗಂದ ತೆಗದ ಪಟ ತೋರ್ಸಿತ್ತು. ಅದರಲ್ಲಿ ಎಂಗಳ ಗುಡ್ಡೆ ತೆಂಗಿನಕಾಯಿ ಹೆರೆಮಣೆಯ ಹಲ್ಲಿನ ಹಾಂಗೆ ಕಂಡತ್ತು.

ಹತ್ತರೆ ಹೋದರೆ ಬೇರೆ ಗುರ್ತಂಗೊ ಸಿಕ್ಕುತ್ತು. ಹುಲ್ಲಿನ ಎಡೆಲಿ ಸಾಲಾಗಿ ಕಾಟುಕಲ್ಲು. ಜಾಗೆಯ ಕರೆಲಿ ಅರ್ಧ ಮುಚ್ಚಿದ ಅಗಳು, ದನ ಬಾರದ್ದ ಹಾಂಗೆ ತೋಡಿದ್ದು. ದರೆ ಜರುದಲ್ಲಿ ಕೆಂಪು ಮಣ್ಣಿನ ಎಡೆಲಿ ಕಪ್ಪು ಮಸಿಯ ಒಂದು ಎಳೆ ಕಂಡರೆ, ಏವಗಳೋ ಒಂದರಿ ಅಲ್ಲಿ ಕಿಚ್ಚು ಹೊತ್ತಿದ್ದು ಹೇಳಿ ಲೆಕ್ಕ. ಕಾಡಿನ ನೆಡುಕೆ ಹಲಸು, ಮಾವು ಒಂದೇ ಸಾಲಿಲಿ ನಿಂದುಗೊಂಡಿದ್ದರೆ ಅದು ಹಕ್ಕಿ ಬಿತ್ತಿದ್ದಲ್ಲ. ಮನೆಂದ ಮೇಲಂಗೆ ಹೋಪ ಓಣಿ ನಮ್ಮ ತಲೆಂದಲೂ ಆಳ ಇದ್ದರೆ, ಸೊಪ್ಪಿನ ಕಟ್ಟ ಹೊತ್ತ ಹೆಮ್ಮಕ್ಕಳ ಕಾಲುದೆ, ದನಗಳ ಗೊರಸುದೆ ಅದರ ತಗ್ಗು ಮಾಡಿದ್ದು. ವರ್ಗ ಜಾಗೆಯ ಗಡಿಂದ 100 ಗಜದವರೆಗೆ ಕುಮ್ಕಿ ಹೇಳಿ ಇದ್ದನ್ನೆ, ಆ ಸೊಪ್ಪು ಬಂದುಗೊಂಡಿದ್ದದು ಅಲ್ಲಿಂದ.

ಇನ್ನೊಂದು ಗುರ್ತ ಗೆಂಡುಮಕ್ಕೊಗೆ ಬೇಗ ಕಾಣ. ತಿಮರೆ. ಬೇಸಗೆಲಿ ಗುಡ್ಡೆಲಿ ತಿಮರೆ ಹಸುರಾಗಿ ಇಪ್ಪದು ಹಳೆ ಹುಣಿಯ ಬುಡಲ್ಲಿ ಮಾಂತ್ರ, ಎಂತಕೆ ಹೇಳಿರೆ ಅಲ್ಲಿ ಪಸೆ ಒಳುದ್ದು. ಮಳೆಗಾಲಲ್ಲಿ ಪತ್ರೊಡೆಗೆ ಕೆಸವು ಕೊಯಿವಲೆ ನಾವು ಹೋಪ ಜಾಗೆಯೂ ಹಾಂಗೇ, ಕಲ್ಲಕಟ್ಟದ ಎಡೆಂದ ನೀರು ಒಸರುವಲ್ಲಿಗೇ ಹೋಪದು. ತಂಬುಳಿಗೆ, ಪತ್ರೊಡೆಗೆ ಸೊಪ್ಪು ಹುಡ್ಕಿಂಡು ಹೋಗಿ ಹೋಗಿ ಹೆಮ್ಮಕ್ಕೊಗೆ ಗುಡ್ಡೆಯ ನೀರಿನ ದಾರಿ ಗೊಂತಿಪ್ಪದು. ಆರೂ ಅದರ ಕೇಳ್ತವಿಲ್ಲೆ, ನಾವುದೆ ಹೇಳ್ತಿಲ್ಲೆ.

ಇದರ ಎಲ್ಲ ಈಗ ಬರವಲೆ ಕಾರಣ ಇದ್ದು. ಎಂಗಳ ಮನೆ ವಿಟ್ಲ ಸೀಮೆಲಿ, ಗುಡ್ಡೆಯ ಬುಡಲ್ಲಿ. ಮಾವನ ವರ್ಷಾಂತ ಕಳುದ ಮತ್ತೆ ಪಾಲಾಗಿ, ಮನೆ ಹಿಂದಾಣ ಗುಡ್ಡೆಲಿ ಒಂದೂವರೆ ಎಕ್ರೆ ಎಂಗೊಗೆ ಬಂತು. ಆನು ಮದುವೆ ಆಗಿ ಬಪ್ಪಗಳೇ ಅಲ್ಲಿ ಗೆದ್ದೆ ಇತ್ತಿಲ್ಲೆ. ಮುಳಿಹುಲ್ಲು, ಬೀಜದ ಮರ, ಎಡೆಡೆಲಿ ಕಾಟುಮಾವು. ಮಗಂಗೆ ಅಲ್ಲಿ ಅಡಕ್ಕೆ ನೆಡೆಕ್ಕು ಹೇಳಿ ಆಶೆ. ಸಣ್ಣ ಸಣ್ಣ ತಟ್ಟಿಲಿ ನೆಟ್ಟರೆ ಗೊಬ್ಬರ ಹೊರ್ಲೆ ಜೆನ ಸಿಕ್ಕವು, ಗಾಡಿ ಹೋಗ. ಎಲ್ಲ ಒಡದು 2 ದೊಡ್ಡ ಸಮತಟ್ಟು ಮಾಡುವೊ, ಜೆಸಿಬಿ 4 ದಿನಲ್ಲಿ ಮುಗುಶುಗು ಹೇಳಿದ. ಅವ ಹೇಳಿದ್ದು ಸುಮ್ಮನೆ ಅಲ್ಲ. ಪೇಟೆ ಬಿಟ್ಟು ಊರಿಲಿ ನಿಂದ ಮಾಣಿ. ಅವಂಗೆ ಬೆನ್ನಿಲಿ ಗೊಬ್ಬರ ಹೊರು ಹೇಳ್ಲೆ ಎನಗೆ ಬಾಯಿ ಬಾರ.

ಅತ್ತೆಗೆ ಈಗ 84. ಜಾಲಿಲಿ ಕೂದು ಅಡಕ್ಕೆ ಸೊಲ್ಕೊಂಡಿತ್ತಿದ್ದವು. ತಲೆ ನೆಗ್ಗದ್ದೆ ಒಂದೇ ಮಾತು ಕೇಳಿದವು: "ಸುರಂಗಕ್ಕೆ ನೀರು ಎಲ್ಲಿಂದ ಬತ್ತು ಹೇಳಿ ಮಾಣಿಗೆ ಗೊಂತಿದ್ದೊ?"

ಎಂಗಳ ಮನೆಗೆ ಕುಡಿವಲೆ, ಹಟ್ಟಿಗೆ, ಕೆಳಾಣ ತೋಟಕ್ಕೆ ಎಲ್ಲದಕ್ಕೂ ಗುಡ್ಡೆಯ ಬುಡದ ಸುರಂಗದ ನೀರೇ. ಪಂಪು ಬೇಡ, ಕರೆಂಟು ಬೇಡ. ಒಂದು ಜೆನ ಬಗ್ಗಿಂಡು ಹೋಪಷ್ಟು ಅಗಲಕ್ಕೆ ಗುಡ್ಡೆಯ ಒಳ ಅಡ್ಡಂತಾಗಿ ಕೊರದ್ದು. ಮೇಗೆ ಬಿದ್ದ ಮಳೆ ಮುರಕಲ್ಲಿನ ಎಡೆಲಿ ಇಳುದು, ಅಡಿಲಿಪ್ಪ ಜೇಡಿಯ ಮೇಲೆ ನಿಂದು, ಅಡ್ಡ ಹರುದು ಸುರಂಗದ ಗೋಡೆಲಿ ಒಸರುತ್ತು. ನಮ್ಮ ಜಿಲ್ಲೆಲಿ ವರ್ಷಕ್ಕೆ ಹೆಚ್ಚುಕಮ್ಮಿ 4000 ಮಿಲ್ಲಿಮೀಟರು ಮಳೆ ಬತ್ತು, ಆದರೆ ಅದರ ಹೆಚ್ಚಿನ ಪಾಲುದೆ ನಾಕೇ ತಿಂಗಳಿಲಿ. ಓಡಿ ಸಮುದ್ರಕ್ಕೆ ಹೋಪ ಆ ನೀರಿನ ಗುಡ್ಡೆಲಿ ರಜ್ಜ ಹೊತ್ತು ಕೂರುಸುದು ಆರು? ಆ ತಟ್ಟುಗೊ. ಬೆಟ್ಟಿನ ಗೆದ್ದೆಗೊ ಭತ್ತ ಕೊಟ್ಟದು ಒಂದು ಬೆಳೆ ಆದರೂ, ನೀರು ಕುಡುದ್ದು ಇಡೀ ಮಳೆಗಾಲ. ಗೆದ್ದೆ ಬಿಟ್ಟು 40 ವರ್ಷ ಆದರೂ ಆ ಕುಡಿವದರ ಬಿಟ್ಟಿದಿಲ್ಲೆ.

ಅಡ್ಯನಡ್ಕದ ಹತ್ತರೆ ಅಮೈಯ ಮಹಾಲಿಂಗ ನಾಯ್ಕರ ವಿಷಯ ನಿಂಗೊಗೆಲ್ಲ ಗೊಂತಿಕ್ಕು. ಅಡಕ್ಕೆ, ತೆಂಗಿನ ಮರ ಹತ್ತಿ ದುಡುದ ಜೆನ. ಸಿಕ್ಕಿದ ಬೋಳು ಗುಡ್ಡೆಲಿ ಒಬ್ಬನೇ ಸುರಂಗ ಕೊರದು, ಮದಲಾಣ ಸುರಂಗಂಗಳಲ್ಲಿ ನೀರು ಸಿಕ್ಕದ್ದರೂ ಬಿಡದ್ದೆ, ಅಕೇರಿಗೆ ನೀರು ತಂದು ತೋಟ ಮಾಡಿದವು. 2022ರಲ್ಲಿ ಅವಕ್ಕೆ ಪದ್ಮಶ್ರೀ ಸಿಕ್ಕಿತ್ತು. ಒಂದು ಸುರಂಗದ ನೀರಿಂಗೆ ಅಷ್ಟು ಬೆಲೆ. ನವಗೆ ಅದು ಹೆರಿಯೋರು ಕೊಟ್ಟು ಹೋದ್ದು, ಹಾಂಗಾಗಿ ಬೆಲೆ ಕಾಣ್ತಿಲ್ಲೆ.

ಅತ್ತೆ ಮತ್ತೆ ತಟ್ಟುಗಳ ಹೆಸರು ಹೇಳಿದವು. ಬೆರಳು ಮಡುಸಿಂಡು ಕೆಳಂದ ಮೇಲಂಗೆ: ಜಾಲಕರೆ, ಹಲಸಿನಡಿ, ಉದ್ದತಟ್ಟು, ಬಾಳೆಕರೆ, ಮೂರುಮೂಲೆ, ಕೆಸವಿನ ತಟ್ಟು, ಕಲ್ಲಕಟ್ಟ, ಹಂದಿಕಾವಲು, ಎಳ್ಳಿನ ತಟ್ಟು, ಮುಳಿತಟ್ಟು, ಅಕೇರಿ ತಟ್ಟು. ಹನ್ನೊಂದು. ಮಗ ಅಳತೆ ಮಾಡಿದ್ದರಲ್ಲಿ ಇದ್ದದು ಒಂಬತ್ತು.

ಮರದಿನ ಅತ್ತಿಗೆಯೂ ಆನೂ ಒಂದು ಕತ್ತಿ, ಒಂದು ಪುಸ್ತಕ, ಬಾಟ್ಲಿಲಿ ಮಜ್ಜಿಗೆನೀರು ಹಿಡ್ಕೊಂಡು ಹತ್ತಿದೆಯೊ. ಹಂದಿಕಾವಲು ಕಮ್ಯುನಿಸ್ಟು ಗಿಡದ ಬಲ್ಲೆಯ ಒಳ ಇತ್ತು. ಬಲ್ಲೆ ಕಡುದಪ್ಪಗ ಕಲ್ಲಿನ ಸಾಲು ಕಂಡತ್ತು, ಮೂಲೆಲಿ ಕಾವಲಿನ ಗುಡಿಸಲಿನ ನಾಕು ಕಲ್ಲುದೆ ಇತ್ತು. ಮೂರುಮೂಲೆ ಸಿಕ್ಕಿದ್ದು ತಿಮರೆಂದ. ಮಣ್ಣು ಜರುದು ಹುಣಿ ಮುಚ್ಚಿ ಹೋದರೂ, ತಿಮರೆ ಮೂರು ಬದಿಗೆ ಗೆರೆ ಎಳದ ಹಾಂಗೆ ಬೆಳದಿತ್ತು. ಅತ್ತಿಗೆ ಪಟ ತೆಗದಿಕ್ಕಿ, ಮತ್ತೆ ಅದರ ಚಟ್ನಿಗೂ ಕೊಯಿದತ್ತು.

ಇನ್ನೊಂದು ವಿಷಯ ಕಂಡತ್ತು. ಪ್ರತಿ ಹುಣಿಲಿದೆ ಹೆಚ್ಚಾದ ನೀರು ಬಿಡ್ಲೆ ಒಂದು ಕಂಡಿ ಇದ್ದು. ಒಂದು ತಟ್ಟಿಂದು ಎಡದ ಕೊಡಿಲಿ ಇದ್ದರೆ ಅದರ ಕೆಳಾಣದ್ದು ಬಲದ ಕೊಡಿಲಿ. ನೀರು ನೇರ ಕೆಳ ಹಾರದ್ದೆ, ಎಡಂದ ಬಲಕ್ಕೆ, ಬಲಂದ ಎಡಕ್ಕೆ, ಇಡೀ ತಟ್ಟು ನೆಡದೇ ಇಳಿಯೆಕ್ಕು. ಕಂಡಿಯ ಅಡಿಲಿ ಚಪ್ಪಟೆ ಕಲ್ಲು ಹಾಸಿದ್ದು, ಬಿದ್ದ ನೀರು ಮಣ್ಣು ಕೊರೆಯದ್ದ ಹಾಂಗೆ. ಇಷ್ಟು ವರ್ಷ ಆನು ಆ ಕಲ್ಲಿನ ಮೇಲೆ ಕಾಲು ಮಡುಗಿಂಡು ಹತ್ತಿದ್ದು.

ಕಲ್ಲಕಟ್ಟ ಕಟ್ಟಿದ್ದು ಆರು ಹೇಳಿ ಅತ್ತೆಯ ಹತ್ತರೆ ಕೇಳಿದೆ. "ಅಜ್ಜಂದ್ರ ಕಾಲಲ್ಲಿ" ಹೇಳಿದವು. ಕಡತಲ್ಲಿಯೂ ಅಜ್ಜನ ಹೆಸರೇ ಇಪ್ಪದು. ಆದರೆ ಕಲ್ಲು ಅಜ್ಜ ಹೊತ್ತದಲ್ಲನ್ನೆ. ಎಂಗಳಲ್ಲಿಗೆ ಮದಲು ನೇಜಿ ನೆಡ್ಲೆ ಬಂದುಗೊಂಡಿದ್ದ ಒಂದು ಅಜ್ಜಿ ಆಚಕರೆಲಿ ಇದ್ದವು, ಮಗನ ಮನೆಲಿ. ಒಂದು ದಿನ ಅಲ್ಲಿಗೆ ಹೋದೆ. ಅವು ತುಳುವಿಲಿ ಹೇಳಿದ್ದರ ನಮ್ಮ ಮಾತಿಲಿ ಬರೆತ್ತೆ. ಆ ಕಟ್ಟ ಒಂದೇ ಬೇಸಗೆಲಿ ಕಟ್ಟಿದ್ದಡ. ಅವರ ಮಾವನುದೆ, ಇನ್ನೂ ಮೂರು ಜೆನವುದೆ ಕಲ್ಲು ಕೂರ್ಸಿದ್ದು, ಹೆಮ್ಮಕ್ಕೊ ತೋಡಿಂದ ಕಲ್ಲು ತಲೆಲಿ ಹೊತ್ತು ಹತ್ತಿದ್ದು. ಅವು ಅಂಬಗ ಮದುವೆ ಆಗಿ ಬಂದ ಹೊಸತ್ತು. ಕೂಲಿ ಪೈಸೆ ಅಲ್ಲ, ಅಕ್ಕಿ. ಕೆಳ ದೊಡ್ಡ ಕಲ್ಲು, ಮೇಗೆ ಸಣ್ಣದು, ಎಲ್ಲ ಗುಡ್ಡೆಯ ಹೊಡೆಂಗೆ ರಜ್ಜ ಮಾಲುಸಿ ಮಡುಗೆಕ್ಕು, ಎಡೆಗೆ ಮಣ್ಣು ಮೆತ್ತುಲಾಗ, ನೀರು ಒಸರ್ಲೆ ಬಿಡೆಕ್ಕು. ನೀರಿಂಗೆ ದಾರಿ ಕೊಟ್ಟರೆ ಕಟ್ಟ ನಿಲ್ಲುಗು, ಕೊಡದ್ದರೆ ಅದುವೇ ದಾರಿ ಮಾಡುಗು ಹೇಳಿದವು. "ಈಗ ಅಲ್ಲಿ ಎಂತ ಇದ್ದು?" ಹೇಳಿ ಕೇಳಿದವು. ಮುಳಿಹುಲ್ಲು ಹೇಳಿದೆ. "ಕಟ್ಟ ನಿಂದಿದೊ?" ಕೇಳಿದವು. ನಿಂದಿದು ಹೇಳಿದೆ. ರಜ್ಜ ಹೊತ್ತು ಮಾತಾಡಿದವಿಲ್ಲೆ, ಮತ್ತೆ ಎಲೆ ಅಡಕ್ಕೆಯ ತಟ್ಟೆ ಎನ್ನ ಹೊಡೆಂಗೆ ನೂಕಿದವು. ಅವು ಹೊತ್ತ ಕಲ್ಲು ಇಂದಿಂಗೂ ಎಂಗಳ ಕೊಡಪಾನ ತುಂಬುಸುತ್ತು. ಅದು ಏವ ಆರ್.ಟಿ.ಸಿ.ಲಿಯೂ ಇಲ್ಲೆ.

ಬೆಟ್ಟು ಗೆದ್ದೆ ಎಂತಕೆ ಬಿಟ್ಟದು ಹೇಳಿಯೂ ಕೇಳೆಕ್ಕನ್ನೆ. 1974ರ ಭೂಸುಧಾರಣೆಲಿ ಡಿಕ್ಲರೇಶನ್ ಕೊಟ್ಟು ಒಕ್ಕಲುಗೊಕ್ಕೆ ಅವು ಮಾಡಿಂಡಿದ್ದ ಜಾಗೆ ಸಿಕ್ಕಿತ್ತು, ಅದು ಆಯೆಕ್ಕಾದ್ದೇ. ಮತ್ತೆ ಒಂದು ಬೆಳೆಯ ಗೆದ್ದೆಗೆ ಗುಡ್ಡೆ ಹತ್ತುಲೆ ಜೆನ ಬಾರದ್ದೆ ಆತು. ಅಡಕ್ಕೆಗೆ ಕ್ರಯ ಬಂತು, ಅಂಗಡಿಲಿ ಅಕ್ಕಿ ಸಿಕ್ಕುಲೆ ಸುರುವಾತು. ಆರ ತಪ್ಪುದೆ ಅಲ್ಲ. ಅತ್ತೆಗೆ ಬೆಟ್ಟಿನ ಅಕ್ಕಿಯ ಗೆಂಜಿಯ ರುಚಿ ನೆಂಪಿದ್ದು, ಆದರೆ ಆಟಿಯ ಮಳೆಗೆ ಗೊರಬೆ ಹಾಕಿಂಡು ಹತ್ತಿದ್ದುದೆ ನೆಂಪಿದ್ದು. "ಆ ಕಾಲ ಬರಲಿ ಹೇಳಿ ಆನು ಹೇಳ್ತಿಲ್ಲೆ, ತಟ್ಟು ಇರಲಿ ಹೇಳುದು" ಹೇಳಿದವು.

ಮಗ ಸುಲಭಲ್ಲಿ ಒಪ್ಪಿದ್ದಾಯಿಲ್ಲೆ. ಅವನ ಕೈ ಹಿಡುದು ನಿಲ್ಸಿದ್ದು ಎರಡು ವಿಷಯ.

ಒಂದು, ಗುಡ್ಡೆಯ ಆಚ ಹೊಡೆಲಿ ಒಬ್ಬರ ಜಾಗೆಲಿ ತಟ್ಟು ಒಡದು ನೇರ ಕಡುದಿತ್ತಿದ್ದವು. ಎರಡು ಮಳೆಗಾಲ ಅಪ್ಪಗ ಮೇಗಾಣ ಮಣ್ಣು ಕೆಳಾಣ ತೋಟಲ್ಲಿ ಮೊಳಪ್ಪಿನವರೆಗೆ ಬಂದು ಕೂದತ್ತು. 2018ರ ಆಗಸ್ಟಿಲಿ ಜೋಡುಪಾಲ, ಮಡಿಕೇರಿ ಹೊಡೆಲಿ ಗುಡ್ಡೆ ಜರುದ್ದರ ನಾವೆಲ್ಲ ಕಂಡಿದು. ಮಳೆ ಜೋರು ಬಂದದು ಅಪ್ಪು. ಆದರೆ ಗುಡ್ಡೆಯ ಬುಡವ ಮಾರ್ಗಕ್ಕೆ, ಕಟ್ಟೋಣಕ್ಕೆ ಹೇಳಿ ಕಡುದ್ದುದೆ ಕಾರಣ ಹೇಳಿ ಭೂವಿಜ್ಞಾನದೋರು ನೋಡಿ ಹೇಳಿದ್ದವು. ಬುಡ ಕಡುದರೆ ಮೇಗಾಣದಕ್ಕೆ ಊರುಗೋಲು ಇಲ್ಲೆ. ಹನ್ನೊಂದು ಸಣ್ಣ ಮೆಟ್ಳಿಲಿ ಹಂಚಿ ನಿಂದ ಭಾರ ಎರಡು ದೊಡ್ಡ ದರೆಯ ಮೇಲೆ ಬೀಳ್ತು.

ಇನ್ನೊಂದು, ಎನ್ನ ಕ್ಯಾಲೆಂಡರು. ಪ್ರತಿ ವರ್ಷ ಮೇ 15ಕ್ಕೆ ಸುರಂಗದ ದಂಬೆಯ ಅಡಿಲಿ ಕೊಡಪಾನ ಮಡುಗಿ, ತುಂಬುಲೆ ಎಷ್ಟು ಹೊತ್ತು ಹೇಳಿ ಕ್ಯಾಲೆಂಡರಿಲಿ ಬರೆತ್ತೆ. ಹಾಲಿನ ಲೆಕ್ಕ ಬರವ ಅಭ್ಯಾಸಲ್ಲಿ ಸುರು ಮಾಡಿದ್ದು, ಈಗ 12 ವರ್ಷ ಆತು. ಸುರುವಾಣ ವರ್ಷ 3 ನಿಮಿಷ. ಆಚ ಹೊಡೆಲಿ ಗುಡ್ಡೆ ಕಡುದ ಮತ್ತಾಣ ಬೇಸಗೆಲಿ 5 ನಿಮಿಷ. ಈ ವರ್ಷ 6 ಕಳುದತ್ತು. ಬೇರೆ ಕಾರಣಂಗಳೂ ಇಕ್ಕು. ಬೋರುವೆಲ್ಲುದೆ ಸುತ್ತ ತುಂಬ ಆಯಿದು. ಆದರೆ ಮಗ ಆ 12 ಹಾಳೆಗಳ ನೆಲಲ್ಲಿ ಸಾಲಾಗಿ ಮಡುಗಿ ತುಂಬ ಹೊತ್ತು ನೋಡಿದ. "ಅಬ್ಬೆ, ಇದರ ಎನಗೆ ಮದಲೇ ತೋರ್ಸಿದ್ದರೆ" ಹೇಳಿದ. ಹನ್ನೆರಡು ವರ್ಷಂದ ಅದು ಅಡಿಗೆಮನೆ ಬಾಗಿಲ ಹಿಂದೆ ಮೊಳೆಲಿ ನೇಲಿಂಡೇ ಇತ್ತು.

ಅಕೇರಿಗೆ ಹೀಂಗೆ ಮಾತಾತು. ಕೆಸವಿನ ತಟ್ಟಿಂದ ಮೇಲಾಣ ಆರು ತಟ್ಟು, ಅಗಳು, ಕಲ್ಲಕಟ್ಟ ಇವಕ್ಕೆ ಕೈ ಹಾಕುಲಿಲ್ಲೆ. ಅಗಳಿನ ಹೂಳು ತೆಗವದು. ಅಲ್ಲಿ ಹಲಸು, ಗೆಣಮೆಣಸು, ಮಳೆಗಾಲದ ನೆಟ್ಟಿಕಾಯಿ. ಕೆಳಾಣ ಐದರ ಸೇರ್ಸಿ ಮೂರು ಮಾಡಿ ಅಡಕ್ಕೆ ನೆಡುದು. ಗಾಡಿ ಹೋಪಲೆ ಒಂದು ಕರೆಲಿ ದಾರಿ. ಪ್ರತಿ ತಟ್ಟಿಂಗೂ ಕಾಟುಕಲ್ಲಿನ ಕಟ್ಟ, ಕಂಡಿ ಒಂದು ಎಡಕ್ಕೆ ಒಂದು ಬಲಕ್ಕೆ. ಕಟ್ಟ ಕಟ್ಟುಲೆ ಆಚಕರೆ ಅಜ್ಜಿಯ ಪುಳ್ಳಿಯೇ ಬತ್ತೆ ಹೇಳಿದ್ದ, ಈಗಾಣ ಕೂಲಿಗೆ. ಜೆಸಿಬಿ ಬಪ್ಪದು ಜನವರಿಲಿ.

ಅತ್ತೆಗೆ ಪೂರ್ತಿ ಸಮದಾನ ಆಯಿದಿಲ್ಲೆ. "ಹಲಸಿನಡಿ ಹೋವುತ್ತನ್ನೆ" ಹೇಳಿ ಎರಡು ಸರ್ತಿ ಹೇಳಿದವು. ಎನಗೂ ಬೇಜಾರಿದ್ದು. ನೀರು ಒಳಿತ್ತೋ ಇಲ್ಲೆಯೋ ಹೇಳಿ ಎರಡು ಬೇಸಗೆ ಕಳುದ ಮತ್ತೆ ಕೊಡಪಾನವೇ ಹೇಳೆಕ್ಕು.

ಈಗ ನಿಂಗೊಗೆ ಒಂದು ಕೆಲಸ. ನಮ್ಮಲ್ಲಿ ಗುಡ್ಡೆ ಇಲ್ಲದ್ದ ಮನೆ ಕಮ್ಮಿ, ಜೆಸಿಬಿ ಬಾರದ್ದ ಊರುದೆ ಕಮ್ಮಿ. ಅದು ಬಪ್ಪ ಮದಲು, ನಿಂಗಳ ಅತ್ತೆಯನ್ನೋ, ಅಜ್ಜಿಯನ್ನೋ, ಮದಲು ಕೆಲಸಕ್ಕೆ ಬಂದುಗೊಂಡಿದ್ದೋರನ್ನೋ ಕೂರ್ಸಿ ತಟ್ಟುಗಳ ಹೆಸರು ಕೇಳಿ ಬರದು ಮಡುಗಿ. ಏವ ತಟ್ಟಿಲಿ ಎಂತ ಬೆಳಕ್ಕೊಂಡಿತ್ತು, ನೀರು ಎಲ್ಲಿ ನಿಲ್ಲುಗು, ಕಂಡಿ ಏವ ಹೊಡೆಲಿ, ಕಟ್ಟ ಕಟ್ಟಿದ್ದು ಆರು. ಕಟ್ಟಿದೋರ ಹೆಸರು ಸಿಕ್ಕಿರೆ ಅದನ್ನೂ ಬರೆಯಿರಿ, ಬೇರೆಲ್ಲಿಯೂ ಅದು ಸಿಕ್ಕ. ತಿಮರೆ ಎಲ್ಲಿ ಸಿಕ್ಕುತ್ತು ಹೇಳಿಯೂ ಬರೆಯಿರಿ, ನೆಗೆ ಮಾಡುವೋರು ಮಾಡಲಿ. ಮೇ ತಿಂಗಳಿಲಿ ಕೊಡಪಾನ ತುಂಬುಲೆ ಎಷ್ಟು ಹೊತ್ತು ನೋಡಿ, ಬರದ್ದರ ಬಾಗಿಲ ಹಿಂದೆ ನೇಲ್ಸೆಡಿ, ಎಲ್ಲೋರಿಂಗೂ ಕಾಂಬ ಹಾಂಗೆ ಜೆಗಿಲಿಲಿ ನೇಲ್ಸಿ.

ಬಪ್ಪ ತಿಂಗಳು ಅತ್ತಿಗೆಯ ಮಗಳ ಬದ್ಧಕ್ಕೆ ಎಲ್ಲೋರೂ ಸೇರ್ತನ್ನೆ. ನಿಂಗಳಲ್ಲಿ ಎಷ್ಟು ತಟ್ಟು ಹೇಳಿ ಅಂಬಗ ಕೇಳ್ತೆ.